ಎರಡೇಟಿನ ಅಂಚು

"ರಸೀದಿ ಎಲ್ಲಾ ಆ ನೆನಿತಾ ಹತ್ರಾನೇ ಇವೆ," ಎನ್ನುತ್ತ ಅಟಾರ್ನಿ ಪಾಲ್ಮಾರೆಸ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಆಸ್ಪತ್ರೆದು, ಔಷಧಿದು, ರಕ್ತದ ಬಾಟ್ಲಿದು. ಅವಳು ಬಂದು ಸಾಕ್ಷಿ ಕುರ್ಚಿ ಮೇಲೆ ಕೂತು, ಇದು ನಾನು ಕೊಟ್ಟಿದ್ದು, ಇದು ನಾನು ಕೊಟ್ಟಿದ್ದು ಅಂತ ಒಂದೊಂದನ್ನೂ ಗುರುತಿಸಬೇಕು. ಇಲ್ದಿದ್ರೆ ಅದು ಕಡ್ಲೆಕಾಯಿ ಕಟ್ಟೋ ಕಾಗದ, ಅಷ್ಟೇ."

ಲುದಿವಿನಾ ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನು ಹಿಂಡಿದಳು. "ಅವಳು ಬರೋದಾದ್ರೆ ಈ ಕೇಸೇ ಬೇಡ ಅಟಾರ್ನಿ."

"ಗಂಡನ್ನ ಕೊಂದ ಲಾರಿ ಕಂಪನಿಯೋರನ್ನ ಸುಮ್ನೆ ಬಿಟ್ಟುಬಿಡ್ತೀರಾ? ಬ್ರೇಕೇ ಇಲ್ಲದ ಲಾರಿನ ಸಂತೆ ಬೀದಿಗೆ ಬಿಟ್ಟೋರನ್ನ?" ಪಾಲ್ಮಾರೆಸ್ ಎಡಗೈ ಚಾಚಿ ಹೆಬ್ಬೆರಳು ಮಡಿಸಿದರು. ಕೇಸು ಗೆದ್ದ ಮೇಲೆ ಫೀಸು ತಗೊಳ್ಳುವ ವಕೀಲರು. ಕಕ್ಷಿದಾರರಿಗೆ ಬಿಡಿಸಿ ಹೇಳುವ ತಾಳ್ಮೆ ಅವರಿಗೆ ಆ ಕಾರಣಕ್ಕೇ ಇತ್ತು. "ನೋಡಿ, ರಸೀದಿ ಇದ್ರೆ ಅದು ನಿಜನಷ್ಟ. ಸೆಂಟಾವೋ ಸೆಂಟಾವೋ ಲೆಕ್ಕದಲ್ಲಿ ಬರುತ್ತೆ. ಖರ್ಚಾಗಿದೆ ಅಂತ ಎಲ್ಲರಿಗೂ ಗೊತ್ತು, ರಸೀದಿ ಮಾತ್ರ ಇಲ್ಲ ಅಂದ್ರೆ ಅಂದಾಜುನಷ್ಟ. ಜಡ್ಜು ಕನಿಕರ ಪಟ್ಟು..."

"ಅದೇ ಸಾಕು. ಆ ಎರಡನೇದು ಕೊಡಿಸಿಬಿಡಿ."

"ಮೂರು ಲಕ್ಷ ಪೆಸೋ ರಸೀದಿ ಇಟ್ಕೊಂಡು ಐವತ್ತು ಸಾವಿರದ ಭಿಕ್ಷೆ ಬೇಡ್ತಾರಾ?"

"ರಸೀದಿ ನಾನಿಟ್ಕೊಂಡಿಲ್ಲ. ಇಟ್ಕೊಂಡಿರೋಳು ಅವಳು."

ಪಾಲ್ಮಾರೆಸ್ ನಿಟ್ಟುಸಿರು ಬಿಟ್ಟು ನಡುಬೆರಳನ್ನು ಹಿಡಿದುಕೊಂಡರು. "ಇದು ಮನಸ್ಸಿನ ನೋವಿಗೆ ಕೊಡೋದು. ಇದು ನಿಮ್ಮೊಬ್ಬರದೇ ತಾಯಿ. ಚರ್ಚಿನ ಪುಸ್ತಕದಲ್ಲಿ ಹೆಸರಿರೋ ಹೆಂಡತಿಗೆ. ಆ ನೆನಿತಾ ಆರು ವರ್ಷ ಅಲ್ಲ, ಅರವತ್ತು ವರ್ಷ ಬೇಯಿಸಿ ಹಾಕಿದ್ರೂ ಅವಳ ನೋವು ಕಾನೂನಿಗೆ ನೋವಲ್ಲ. ಒಂದು ಕಾಸೂ ಇಲ್ಲ."

ಆ ಬೆಳಗ್ಗೆಯಿಂದ ಲುದಿವಿನಾಳ ಕಿವಿಗೆ ಬಿದ್ದ ಮೊದಲ ಸಿಹಿ ಮಾತು ಅದು. ಅವಳು ಬೆನ್ನು ನೇರ ಮಾಡಿ ಕೂತಳು.

"ಆದ್ರೆ ಅದನ್ನ ನೀವು ಬಾಯಿಬಿಟ್ಟು ಹೇಳಬೇಕು. ಎಷ್ಟು ನೊಂದ್ರಿ ಅಂತ ಕೇಳ್ತಾರೆ, ಅಂಕಿ ಹೇಳಬೇಕು. ಕಂಪನಿ ವಕೀಲ ಸುಮ್ನಿರ್ತಾನಾ? ಬಿಟ್ಟುಹೋದ ಗಂಡ, ಏಳು ವರ್ಷ ದೂರ ಇದ್ದೋನು, ಇವಳಿಗೆಂಥ ನೋವು ಅಂತಾನೆ. ಜಡ್ಜಿಗೂ ಹಾಗೇ ಅನ್ನಿಸಿದ್ರೆ ಹೋಯ್ತು." ಪಾಲ್ಮಾರೆಸ್ ಕಿರುಬೆರಳು ತೋರಿಸಿದರು. "ಹಕ್ಕೇನೋ ನಿಮ್ಮದು, ನಷ್ಟ ಮಾತ್ರ ಕಾಣಲಿಲ್ಲ ಅಂತ ಹೆಸರಿಗೆ ಒಂದಿಷ್ಟು ಬಿಸಾಕ್ತಾರೆ."

ಹೆಸರಿಗೆ ಒಂದಿಷ್ಟು. ಇಲೋಯ್ಲೋ ನಗರದಿಂದ ತನ್ನೂರು ಮಿಯಾಗಾವ್‌ಗೆ ಜೀಪ್ನಿ ವ್ಯಾನಿನಲ್ಲಿ ಕೂತು ವಾಪಸಾಗುವಾಗ ದಾರಿಯುದ್ದಕ್ಕೂ ಆ ಮಾತು ಅವಳನ್ನು ಕುಟುಕಿತು. ಹೆಸರಿಗಷ್ಟೇ ಹೆಂಡತಿ ಎಂದು ಊರಿನವರು ಅನ್ನುವುದು ಸಾಲದೆಂದು ಇನ್ನು ಸರ್ಕಾರದ ಮುದ್ರೆ ಒತ್ತಿಸಿಕೊಂಡು ಬರಬೇಕೇ?

ಅವಳ ಗಂಡ ಕ್ರಿಸ್ಪಿನ್ ದೋಣಿ ಕಟ್ಟುವ ಬಡಗಿ. ಮದುವೆಯಾದ ವರ್ಷವೇ ಅವಳಿಗೊಂದು ಮಗ್ಗ ಮಾಡಿಕೊಟ್ಟಿದ್ದ. ಕೂರುವ ಹಲಗೆಯನ್ನು ಅವಳ ಸೊಂಟದ ಅಳತೆಗೆ ಕೆತ್ತಿ, "ಇದರ ಮೇಲೆ ಇನ್ಯಾರಾದ್ರೂ ಕೂತ್ರೆ ಬೀಳ್ತಾರೆ ನೋಡು" ಎಂದಿದ್ದ. ಮಿಯಾಗಾವ್‌ನಲ್ಲಿ ಹಾಬ್ಲೋನ್ ಬಟ್ಟೆ ನೇಯದ ಹೆಂಗಸಿಲ್ಲ. ಆದರೆ ಬಟ್ಟೆಯ ಕೊನೆಯ ಮೂರು ಬೆರಳಗಲದ ಅಂಚಿಗೆ ಬಂದಾಗ ಪ್ರತಿ ಎಳೆಗೂ ಅದನ್ನು ಬಿಗಿಮಾಡುವ ಹಣಿಗೆಯನ್ನು ಎರಡು ಸಲ ಬಡಿಯುವವಳು ಲುದಿವಿನಾ ಒಬ್ಬಳೇ. ಅಂಚು ಬೆತ್ತದಂತೆ ಗಟ್ಟಿ ನಿಲ್ಲುತ್ತಿತ್ತು. ಅಂಗಳದಲ್ಲಿ ಹಲಗೆ ಹೆರೆಯುತ್ತಿದ್ದ ಕ್ರಿಸ್ಪಿನ್ ಸದ್ದು ಬದಲಾದ ಕೂಡಲೇ, "ಬಿನಿಂಗ್ ಅಂಚಿಗೆ ಬಂದ್ಲು, ಅನ್ನಕ್ಕಿಡೋ ಹೊತ್ತಾಯ್ತು" ಎಂದು ಕೂಗುತ್ತಿದ್ದ. ಬಿನಿಂಗ್ ಎಂದು ಅವಳನ್ನು ಕರೆಯುತ್ತಿದ್ದವನು ಅವನೊಬ್ಬನೇ.

ನಗರದ ದೋಣಿ ಕಾರ್ಖಾನೆಗೆಂದು ಹೋದವನು ಮೊದಲು ವಾರಕ್ಕೊಮ್ಮೆ ಬಂದ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಬರಲಿಲ್ಲ. ಸಂತೆಯಲ್ಲಿ ಬಾಚೋಯ್ ಎಂಬ ಶಾವಿಗೆ ಸಾರು ಮಾರುವ ನೆನಿತಾಳ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಾನೆ ಎಂಬ ಸುದ್ದಿ ಮೀನು ಮಾರುವವರ ಬಾಯಲ್ಲಿ ಊರು ತಲುಪಿತು. ಆಗಿನಿಂದ ಲುದಿವಿನಾ ಅಂಗಡಿಯವರ ಡಜನ್ ಲೆಕ್ಕದ ಆರ್ಡರು ಹಿಡಿದಳು. ಅಂಚಿಗೆ ಒಂದೇ ಏಟು. ಎರಡನೆಯದು ಯಾರು ಕೇಳಲಿ ಎಂದು?

ಅವನ ಹೆಣ ಮನೆಗೆ ಬಂದ ದಿನವೂ ಆ ಬಾಚೋಯ್‌ನವಳೇ ಗೆದ್ದಿದ್ದಳು. ಮದುವೆಯ ಬಾರೋಂಗ್ ಅಂಗಿ ತೊಡಿಸಲು ಹೋದರೆ ಅದು ಹೊಟ್ಟೆಯ ಮೇಲೆ ಕೂಡಲಿಲ್ಲ. ಲುದಿವಿನಾ ಕಳಿಸಿಕೊಟ್ಟ ಗಂಡ ಗಳುವಿನಂತಿದ್ದವನು. ವಾಪಸು ಬಂದವನಿಗೆ ಎರಡು ಗಲ್ಲ, ದುಂಡು ಹೊಟ್ಟೆ. ಹೆಣ ಸಿಂಗರಿಸುವವನು ಅಂಗಿಯನ್ನು ಬೆನ್ನ ಹಿಂದೆ ಕತ್ತರಿಸಿ, ಮುಂದಿನಿಂದ ಕಾಣದಂತೆ ಸಿಕ್ಕಿಸಿದ. ಪೆಟ್ಟಿಗೆ ತೆರೆದಿಟ್ಟು ಒಂಬತ್ತು ದಿನ ನಡೆಸುವ ಪ್ರಾರ್ಥನೆಗೆ ಬಂದವರೆಲ್ಲ, "ಚೆನ್ನಾಗಿ ಕಾಣ್ತಿದ್ದ, ಮೈಕೈ ತುಂಬ್ಕೊಂಡಿದ್ದ" ಎಂದಾಗ ಅವಳಿಗೆ ಶವಪೆಟ್ಟಿಗೆಯ ಮುಚ್ಚಳ ಹಾಕಿಬಿಡುವಷ್ಟು ಸಿಟ್ಟು ಬಂತು. ಅಷ್ಟೂ ದಿನ ಗೇಟಿನಾಚೆ ಕೊಡೆ ಹಿಡಿದು ನಿಂತಿದ್ದ ನೆನಿತಾಳನ್ನು ಅವಳು ಒಳಗೆ ಬಿಡಲಿಲ್ಲ. ಗೇಟಿಗೆ ತಾನೇ ಬೀಗ ಹಾಕಿದ್ದಳು.

ಕೊನೆಗೂ ಲುದಿವಿನಾಳನ್ನು ಕೇಸಿಗೆ ಒಪ್ಪಿಸಿದ್ದು ಪಾಲ್ಮಾರೆಸ್ ಹೇಳಿದ ಒಂದು ಮಾತು: "ಅವಳು ಬಂದು ಖರ್ಚಿನ ಲೆಕ್ಕ ಹೇಳ್ತಾಳೆ. ನೀವು ಬಂದು ನೋವು ಹೇಳ್ತೀರಿ. ಯಾರು ಯಾರು ಅಂತ ಕೋರ್ಟೇ ಎಲ್ಲರೆದುರಿಗೆ ಬರೆದುಕೊಳ್ಳುತ್ತೆ." ಬರೆದುಕೊಳ್ಳಲಿ ಎಂದು ಲುದಿವಿನಾ ಹೂಂಗುಟ್ಟಿದಳು.

ವಿಚಾರಣೆಯ ದಿನ ನೆನಿತಾ ಬಿಸ್ಕತ್ತಿನ ಡಬ್ಬಿಯೊಂದನ್ನು ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಂದಳು. ಕುಳ್ಳಗೆ, ತೋಳು ದಪ್ಪಗಿದ್ದ ಹೆಂಗಸು, ಕೂದಲಿಗೆಲ್ಲ ಬೆಳ್ಳುಳ್ಳಿ ಹುರಿದ ವಾಸನೆ. ಇವಳಲ್ಲಿ ಏನು ಕಂಡ ಎಂದು ಲುದಿವಿನಾ ಸಾವಿರ ಸಲ ಕೇಳಿಕೊಂಡಿದ್ದ ಪ್ರಶ್ನೆಗೆ ಹತ್ತಿರದಿಂದ ನೋಡಿದರೂ ಉತ್ತರ ಸಿಗಲಿಲ್ಲ. ಚೆಲುವೆಯಾಗಿದ್ದರೆ ಎಷ್ಟೋ ವಾಸಿಯಿತ್ತು.

ಹನ್ನೊಂದು ದಿನದ ಆಸ್ಪತ್ರೆಗೆ ಮೂವತ್ತೆಂಟು ರಸೀದಿ. ಸಂತೆಯವಳಾದ್ದರಿಂದ ಒಂದೊಂದನ್ನೂ ದಿನದ ಪ್ರಕಾರ ಪಿನ್ನು ಹೊಡೆದಿಟ್ಟಿದ್ದಳು. ಪಾಲ್ಮಾರೆಸ್ ಬೆಲೆಯನ್ನಷ್ಟೇ ಕೇಳುತ್ತಿದ್ದರು. ಅವಳು ಬೆಲೆಗೆ ನಿಲ್ಲುತ್ತಿರಲಿಲ್ಲ.

"ಇದು ಸ್ಪಿರಿಟ್ಟು, ಹತ್ತಿ. ಮೂರನೇ ದಿನ ಜ್ವರ ಏರಿತ್ತು. ರಾತ್ರಿಯೆಲ್ಲ ಬೆನ್ನು ಒರೆಸ್ತಾ ಕೂತಿದ್ದೆ, ಆ ಮಚ್ಚೆ ಇದೆಯಲ್ಲ, ಅಲ್ಲಿ ಮುಟ್ಟಿದ್ರೆ ಕಚಗುಳಿ ಅವನಿಗೆ, ಅಂಥ ಜ್ವರದಲ್ಲೂ..."

"ಬೆಲೆ ಹೇಳಿ ಸಾಕು," ಎಂದರು ಜಡ್ಜಮ್ಮ. ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ ದುಭಾಷಿ ಮಚ್ಚೆಯನ್ನು ಬಿಟ್ಟು ಹತ್ತಿಯನ್ನಷ್ಟೇ ಹೇಳಿದ.

ಎದುರು ಬೆಂಚಿನಲ್ಲಿ ಲುದಿವಿನಾ ಹಲ್ಲು ಕಚ್ಚಿ ಕೂತಿದ್ದಳು. ಆ ಮಚ್ಚೆ ತನ್ನದು. ಇಪ್ಪತ್ತೊಂದು ವರ್ಷ ಅದು ತನ್ನದಾಗಿತ್ತು. ಒಂದೊಂದು ರಸೀದಿಯೂ ಮೇಜಿನ ಮೇಲೆ ಬೀಳುವಾಗ ಅವನ ಒಂದೊಂದು ದಿನ ಆ ಹೆಂಗಸಿನ ಹೆಸರಿಗೆ ನೋಂದಣಿಯಾದಂತೆ ಅನ್ನಿಸಿತು.

ಮೂವತ್ತೊಂದನೆಯ ರಸೀದಿಗೆ ಕಂಪನಿಯ ವಕೀಲ ಎದ್ದು ನಿಂತ. ಎಳೆ ವಯಸ್ಸು, ನುಣ್ಣಗೆ ಬೋಳಿಸಿದ ಗಲ್ಲ. "ಒಂದು ಹಾಬ್ಲೋನ್, ನಾನ್ನೂರೈವತ್ತು ಪೆಸೋ. ಇದ್ಯಾವ ಔಷಧಿ?"

ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ನೆನಿತಾ ಮೊದಲ ಸಲ ಲುದಿವಿನಾಳತ್ತ ನೋಡಿ, ನೋಟ ಕೆಳಗಿಳಿಸಿದಳು.

"ಹೇಳಲೇಬೇಕಾ?"

"ಪ್ರಮಾಣ ಮಾಡಿದ್ದೀರಿ," ಎಂದರು ಜಡ್ಜಮ್ಮ.

"ಒಂಬತ್ತನೇ ದಿನ ಚಳಿ ಅಂದ. ಆಸ್ಪತ್ರೆ ಹೊದಿಕೆ ಚುಚ್ಚುತ್ತೆ, ಬಿನಿಂಗ್ ನೇಯ್ದಿದ್ದು ತಾ ಅಂದ." ಅವಳ ದನಿ ಒರಟಾಯಿತು. "ಮಿಯಾಗಾವ್‌ಗೆ ಹೋಗಿ ಕೇಳೋ ಮುಖ ನನಗೆಲ್ಲಿತ್ತು? ಅಂಗಡೀಲಿ ಒಂದು ತಗೊಂಡು ಹೋಗಿ ಅವಳದೇ ಅಂತ ಸುಳ್ಳು ಹೇಳ್ದೆ. ಹೆಬ್ಬೆಟ್ಟಲ್ಲಿ ಅಂಚು ಸವರಿದ. 'ಇದು ಅವಳ ಕೈ ಅಲ್ಲ, ಅವಳು ಅಂಚಿಗೆ ಎರಡೇಟು ಹಾಕ್ತಾಳೆ' ಅಂದ. ಗೋಡೆ ಕಡೆ ತಿರುಗಿಕೊಂಡ. ಆಮೇಲೆ ನನ್ನ ಹತ್ರ ಸರಿಯಾಗಿ ಮಾತೇ ಆಡಲಿಲ್ಲ." ಮುಂಗೈಯಿಂದ ಮೂಗೊರೆಸಿಕೊಂಡಳು. "ಆರು ವರ್ಷ ಸಾರು ಕುಡಿಸಿದೆ ತಾಯಿ. ಸಾಯೋವಾಗ ಅವನು ಹುಡುಕಿದ್ದು ಇವಳ ಅಂಚನ್ನ."

ನೆನಿತಾ ಡಬ್ಬಿ ಸುತ್ತಿಕೊಂಡು ಬಂದಿದ್ದ ಬಟ್ಟೆಯೇ ಆ ಹಾಬ್ಲೋನ್; ಎತ್ತಿ ತೋರಿಸಿ ಮೇಜಿನ ಮೇಲಿಟ್ಟಳು. ಲುದಿವಿನಾಗೆ ಅದು ಕಾಣಲಿಲ್ಲ. ಕಣ್ಣು ತುಂಬಿಬಂದಿತ್ತು. ದುಃಖವೋ ಜಂಬವೋ ಅವಳಿಗೇ ತಿಳಿಯಲಿಲ್ಲ. ಏಳು ವರ್ಷದಲ್ಲಿ ಮೊದಲ ಬಾರಿಗೆ ಅವಳು ಮೇಲಿದ್ದಳು, ಆ ಬೆಳ್ಳುಳ್ಳಿ ಕೂದಲಿನವಳು ಕೆಳಗಿದ್ದಳು.

ಊಟದ ಬಿಡುವಿನ ನಂತರ ಲುದಿವಿನಾಳ ಸರದಿ. ಪಾಲ್ಮಾರೆಸ್ ಬಾಯಿಪಾಠ ಮಾಡಿಸಿದ್ದನ್ನೆಲ್ಲ ಒಪ್ಪಿಸಿದಳು. ನಿದ್ದೆ ಬರುತ್ತಿಲ್ಲ, ಅನ್ನ ಸೇರುತ್ತಿಲ್ಲ, ಅಂಕಿಯಲ್ಲಿ ಹೇಳಬೇಕೆಂದರೆ ಐದು ಲಕ್ಷ ಪೆಸೋ. ಕಂಪನಿಯ ವಕೀಲ ಮೆಲ್ಲಗೆ ಎದ್ದು ಬಂದ.

"ಗಂಡ ಆಸ್ಪತ್ರೆಲಿದ್ದಾಗ ನೋಡೋಕೆ ಹೋಗಿದ್ರಾ?"

"ಹೋಗಿದ್ದೆ. ಬಾಗಿಲ ತನಕ."

"ಒಳಗೆ ಯಾಕೆ ಹೋಗಲಿಲ್ಲ?"

"ಇವಳು ಅವನ ಬಾಯಿ ಒರೆಸ್ತಾ ಇದ್ಲು. ಅವನು ನಗ್ತಾ ಇದ್ದ." ಇದನ್ನು ಅವಳು ಈವರೆಗೆ ಯಾರಿಗೂ, ಪಾಲ್ಮಾರೆಸ್‌ಗೂ ಹೇಳಿರಲಿಲ್ಲ. "ತಿರುಗಿ ಬಂದುಬಿಟ್ಟೆ. ಆಮೇಲೆ ಮೂರು ದಿನಕ್ಕೆ ತೀರಿಹೋದ."

"ಅಂದ್ರೆ ಅದು ಹೊಟ್ಟೆಕಿಚ್ಚು. ದುಃಖ ಅಲ್ಲ."

"ಎರಡೂ ಬೇಯೋದು ಒಂದೇ ಒಲೆ ಮೇಲೆ ಸ್ವಾಮಿ. ನಿಮಗಿನ್ನೂ ಚಿಕ್ಕ ವಯಸ್ಸು."

ಈ ಸಲ ಜಡ್ಜಮ್ಮನೂ ನಗೆ ತಡೆದುಕೊಂಡರು. ವಕೀಲನ ಗಲ್ಲ ಕೆಂಪಾಯಿತು. ಮೇಜಿನ ಮೇಲಿದ್ದ ಬಟ್ಟೆಯನ್ನು ಎತ್ತಿ ಅವಳ ತೊಡೆಯ ಮೇಲಿಟ್ಟ.

"ಸಾಯೋ ಮನುಷ್ಯ ಹೆಂಡತಿ ಕೈಗುಣ ನೆನೆಸ್ಕೊಂಡ ಅನ್ನೋ ಕಥೆ ಬಹಳ ಚೆನ್ನಾಗಿದೆ. ಆ ಅಂಗಡಿಗೆ ಮಿಯಾಗಾವ್‌ನಿಂದ್ಲೇ ಮಾಲು ಹೋಗುತ್ತೆ ಅಂತ ನಾನೂ ವಿಚಾರಿಸಿದ್ದೀನಿ. ನೀವು ನೇಕಾರರು. ನೋಡಿ ಹೇಳಿ, ಇದು ನೀವು ನೇಯ್ದಿದ್ದಾ? ನಿಮ್ಮದೇ ಆದ್ರೆ, ಒಂದೋ ಈಕೆ ಕಥೆ ಕಟ್ಟಿದ್ದಾಳೆ, ಇಲ್ಲಾ ನಿಮ್ಮ ಗಂಡನಿಗೆ ನಿಮ್ಮ ಕೈ ಮರೆತುಹೋಗಿತ್ತು."

ಲುದಿವಿನಾ ಬಟ್ಟೆ ಬಿಡಿಸಿದಳು. ಕೆಂಪು ಹಾಸು, ಹಳದಿ ಹೊಕ್ಕು. ಅಂಚು ಸಡಿಲ, ಒಂದೇ ಏಟಿನದು. ಊರಿನ ಯಾವ ಹೆಂಗಸಾದರೂ ನೇಯ್ದಿರಬಹುದು ಎಂದುಕೊಂಡು ಹೆಬ್ಬೆರಳಿನಿಂದ ಕೊನೆಯವರೆಗೆ ಸವರಿದಳು. ಕೊನೆಯ ನಾಲ್ಕು ಎಳೆ ಹಸಿರಿದ್ದವು.

ಇದನ್ನು ನೇಯ್ದ ದಿನ ಹಳದಿ ದಾರ ಮುಗಿದಿತ್ತು. ಸಂಜೆ ಅಂಗಡಿಯವನು ಡಜನ್ ಎತ್ತಿಕೊಂಡು ಹೋಗಲು ಬಂದು ಗೇಟಿನಲ್ಲಿ ನಿಂತಿದ್ದ. ನಾಲ್ಕೇ ಎಳೆ ತಾನೇ, ಯಾರು ನೋಡುತ್ತಾರೆ ಎಂದು ಹಸಿರು ಲಾಳಿ ಎಸೆದಿದ್ದಳು.

ಗೋಡೆ ಕಡೆ ತಿರುಗಿಕೊಂಡ. ಅವನ ಮೈಮೇಲಿದ್ದದ್ದು ಅವಳದೇ ಬಟ್ಟೆ. ಅದನ್ನು ಹೊದ್ದುಕೊಂಡು, ಅವಳದಲ್ಲ ಎಂದುಕೊಂಡೇ ಪ್ರಾಣ ಬಿಟ್ಟ.

"ಅಮ್ಮಾ, ಉತ್ತರ," ಎಂದ ದುಭಾಷಿ.

ಅವಳು ತಲೆ ಎತ್ತಿದಳು. ಪಾಲ್ಮಾರೆಸ್ ಪೆನ್ನು ತಿರುಗಿಸುವುದನ್ನು ನಿಲ್ಲಿಸಿದ್ದರು. ಅವರ ಹಿಂದೆ ಬೆಂಚಿನ ತುದಿಯಲ್ಲಿ ನೆನಿತಾ ಮುಂದಕ್ಕೆ ಬಾಗಿ, ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದಳು. ಆ ಮುಖದಲ್ಲಿ ಆಸೆಯಿತ್ತು. ಹೌದು ಎಂದುಬಿಡು, ಅವನು ತಪ್ಪು ಹೇಳಿದ ಎಂದುಬಿಡು ಎಂದು ಆ ಮುಖ ಅಂಗಲಾಚುತ್ತಿತ್ತು. ಅದನ್ನು ಕಂಡಿದ್ದೇ ಲುದಿವಿನಾಳ ಮನಸ್ಸು ಕಲ್ಲಾಯಿತು.

"ಅಲ್ಲ," ಎಂದಳು. "ಇಷ್ಟು ಸಡಿಲ ನಾನು ನೇಯಲ್ಲ."

ಹೊರಗೆ ಮೆಟ್ಟಿಲ ಮೇಲೆ ನೆನಿತಾ ಅವಳನ್ನು ತಡೆದಳು. ಬಟ್ಟೆ ಮತ್ತೆ ಡಬ್ಬಿಗೆ ಸುತ್ತಿಕೊಂಡಿತ್ತು.

"ನಿಮ್ಮದಾಗಿರಬಾರದಿತ್ತಾ ಅಕ್ಕ? ಅವನಿಗೆ ಜ್ವರದಲ್ಲಿ ಕೈ ತಪ್ಪಿತು ಅಂತ ಅಂದ್ಕೊಂಡಾದ್ರೂ ನಿದ್ದೆ ಮಾಡ್ತಿದ್ದೆ."

"ಅವನ ಹೆಬ್ಬೆಟ್ಟು ಬಡಗಿದು. ತಪ್ಪೋದಿಲ್ಲ," ಎಂದು ಲುದಿವಿನಾ ಮೆಟ್ಟಿಲಿಳಿದಳು. ಆ ಉತ್ತರಕ್ಕೆ ಅವಳು ತನ್ನನ್ನೇ ಮೆಚ್ಚಿಕೊಂಡಳು, ಜೀಪ್ನಿ ಹತ್ತುವವರೆಗೆ.

ತೀರ್ಪು ಐದು ತಿಂಗಳಿಗೆ ಬಂತು. ಆಸ್ಪತ್ರೆಯ ರಸೀದಿಗಳೆಲ್ಲ ಒಪ್ಪಿಗೆಯಾಗಿದ್ದವು; ಹಾಬ್ಲೋನಿನ ನಾನ್ನೂರೈವತ್ತನ್ನು ಮಾತ್ರ ಚಿಕಿತ್ಸೆಯ ಖರ್ಚಲ್ಲವೆಂದು ಹೊಡೆದುಹಾಕಿದ್ದರು. ಬ್ರೇಕಿಲ್ಲದ ಲಾರಿಗೆ, ಇನ್ನೊಬ್ಬರು ಹಾಗೆ ಮಾಡದಿರಲೆಂದು ಬೇರೆ ದಂಡ. ಮನಸ್ಸಿನ ನೋವಿಗೆ ಒಂದು ಲಕ್ಷ. ಪಾಲ್ಮಾರೆಸ್ ಫೋನಿನಲ್ಲಿ ಆ ಸಾಲನ್ನು ಎರಡು ಸಲ ಓದಿದರು: "ಮೃತನು ಕೊನೆಯವರೆಗೂ ತನ್ನ ಪತ್ನಿಯ ಕೈಕೆಲಸವನ್ನು ಗುರುತಿಸಬಲ್ಲವನಾಗಿದ್ದನು." ಕೇಳಿದಿರಾ ಎಂದು ಕೇಳಿದರು. ಕೇಳಿದೆ ಎಂದಳು.

ಆಸ್ಪತ್ರೆಗೆ ಕಟ್ಟಿದ ದುಡ್ಡು ನೆನಿತಾಳದು; ತಾನೇ ಕೈಯಾರೆ ಎಸೆದು ಕಳಿಸಬೇಕೆಂದು ಲುದಿವಿನಾ ಅವಳನ್ನು ಮನೆಗೇ ಬರಹೇಳಿದಳು. ಟ್ರೈಸಿಕಲ್ ಆಟೋ ನಿಂತ ಸದ್ದಾದಾಗ ಅವಳು ನೇಯುತ್ತಿದ್ದಳು. ಗೇಟಿನಾಚೆ ಅದೇ ಕೊಡೆ. ಥಟ್ಟನೆ ಎದ್ದು, ಮಗ್ಗದ ಮೇಲೊಂದು ಹಾಸಿಗೆ ಬಟ್ಟೆ ಎಳೆದು, ಆಮೇಲೆ ಹೋಗಿ ಬೀಗ ತೆಗೆದಳು.

ನೆನಿತಾ ದುಡ್ಡು ತೆಗೆದುಕೊಂಡು ಸಹಿ ಹಾಕಿದಳು, ಎಣಿಸಲಿಲ್ಲ. ಏಳುವ ಲಕ್ಷಣವೂ ಕಾಣಲಿಲ್ಲ.

"ಒಂದು ಕೇಳ್ತೀನಿ, ಬಯ್ಯಬೇಡಿ," ಎಂದಳು. "ಆ ಎರಡೇಟಿನ ಅಂಚನ್ನ ಒಂದ್ಸಲ ಮುಟ್ಟಿ ನೋಡಬೇಕು. ಅದರಲ್ಲೇನಿತ್ತು ಅಂತ. ತಲೇಲಿ ಹುಳ ಕೊರೆದ ಹಾಗೆ ಕೊರೀತಿದೆ."

"ಮನೇಲೊಂದೂ ಇಲ್ಲ. ಎಲ್ಲ ಮಾರಿಹೋಯ್ತು."

"ಮಗ್ಗದ ಮೇಲಿರೋದು?"

ಲುದಿವಿನಾ ಅಡ್ಡ ಬರುವಷ್ಟರಲ್ಲಿ ನೆನಿತಾ ಹಾಸಿಗೆ ಬಟ್ಟೆ ಸರಿಸಿದ್ದಳು. ಬೆಳಗ್ಗೆಯಷ್ಟೇ ಶುರುಮಾಡಿದ್ದ ಒಂದೇಟಿನ ಅಂಚು, ಎರಡು ಬೆರಳಗಲ ಮುಗಿದಿತ್ತು. ನೆನಿತಾ ಅದರ ಮೇಲೆ ಹೆಬ್ಬೆರಳಿಟ್ಟಳು. ಸವರಿದಳು. ಚೀಲದಿಂದ ತನ್ನ ಬಟ್ಟೆ ತೆಗೆದು ಪಕ್ಕದಲ್ಲಿ ಹರಡಿ ಅದನ್ನೂ ಸವರಿದಳು. ಮತ್ತೆ ಇದನ್ನು, ಮತ್ತೆ ಅದನ್ನು. ನಾಲ್ಕು ಹಸಿರೆಳೆಗಳ ಹತ್ತಿರ ಬಂದು ನಿಂತಳು. ಮಗ್ಗದ ಕೆಳಗಿನ ಬುಟ್ಟಿಯಲ್ಲಿ ಅದೇ ಹಸಿರಿನ ಉಂಡೆಯಿತ್ತು.

ಬಯ್ಯುತ್ತಾಳೆ, ಊರಿಗೆಲ್ಲ ಕೇಳುವಂತೆ ಕೂಗುತ್ತಾಳೆ, ಕೋರ್ಟಿಗೆ ಹೋಗುತ್ತಾಳೆ ಎಂದು ಲುದಿವಿನಾ ಗೋಡೆಗೊರಗಿ ನಿಂತಳು.

"ಯಾವಾಗಿಂದ ಒಂದೇಟು?" ಎಂದು ನೆನಿತಾ ಕೇಳಿದಳು.

"ಅವನು ಮನೆ ಬಿಟ್ಟು ಹೋದಾಗಿಂದ."

ನೆನಿತಾ ಮಗ್ಗದ ಹಲಗೆಯ ಮೇಲೆ ಕೂರಲು ಹೋದಳು.

"ಏಳಿ," ಎಂದಳು ಲುದಿವಿನಾ. "ಅದು ನನ್ನ ಜಾಗ."

ನೆನಿತಾ ಎದ್ದು ಸರಿದು ನಿಂತಳು. "ಹಾಗಾದ್ರೆ ನೀವೇ ಕೂತ್ಕೊಳ್ಳಿ. ಎರಡೇಟು ಹಾಕಿ. ನೋಡ್ತೀನಿ."

ಲುದಿವಿನಾ ಕೂತಳು. ಲಾಳಿ ಎಸೆದಳು. ಹಣಿಗೆ ಎಳೆದು ಒಂದು ಏಟು ಬಡಿದಳು. ಏಳು ವರ್ಷದ ಅಭ್ಯಾಸಕ್ಕೆ ಕೈ ಆಗಲೇ ಲಾಳಿಯತ್ತ ಹೊರಟಿತ್ತು. ಅದನ್ನು ಹಿಂದಕ್ಕೆ ಕರೆದು ಮತ್ತೆ ಹಣಿಗೆಯ ಮೇಲಿಟ್ಟಳು. ಮಗ್ಗದ ಆ ಬದಿಯಲ್ಲಿ ನೆನಿತಾ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಹೆಬ್ಬೆರಳು ಅಂಚಿನ ಮೇಲೆ ಕಾಯುತ್ತಿತ್ತು.